ಕೌದಿಯ ಹೊಟ್ಟೆ

ಭಾನುವಾರ ಬೆಳಿಗ್ಗೆ ಗಬ್ಬೂರಿನ ನಮ್ಮ ಮನೆಯ ಮುಂದೆ ಯಾರಾದರೂ ನಿಂತು "ಮಗಳು ಕಾಣವಲ್ಲಳಲ್ರಿ" ಎಂದು ಕೇಳಿದರೆ, ನನ್ನ ಅವ್ವ ಕಸಬರಿಗೆ ನಿಲ್ಲಿಸದೆ ಹೇಳುತ್ತಾಳೆ: "ಜೇಲಿನ್ಯಾಗ ಅದಾಳ್ರಿ. ಮಧ್ಯಾಹ್ನ ಬಿಡ್ತಾರ."

ಓಣಿಯವರಿಗೆ ಇದು ರೂಢಿಯಾಗಿದೆ. ಪಕ್ಕದ ಮನೆಗೆ ಹೊಸದಾಗಿ ಬಾಡಿಗೆಗೆ ಬಂದವರಿಗೆ ಮಾತ್ರ ರೂಢಿಯಿರಲಿಲ್ಲ. ಆ ಹೆಣ್ಣುಮಗಳು ಕಡ ಕೇಳಲು ತಂದಿದ್ದ ಸಕ್ಕರೆ ಬಟ್ಟಲನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹಿಂದಿರುಗಿ ಹೋದಳಂತೆ. ಸಂಜೆ ನಾನು ಅಂಗಳದಲ್ಲಿ ಕುಳಿತು ಶೇಂಗಾ ಸುಲಿಯುವುದನ್ನು ಕಿಟಕಿಯಿಂದ ಬಹಳ ಹೊತ್ತು ನೋಡಿದಳು. ಜಾಮೀನಿನ ಮೇಲೆ ಬಂದಿದ್ದೇನೆ ಅಂದುಕೊಂಡಳೇನೋ.

ಅವ್ವನಿಗೆ ಇಂಥದ್ದರಲ್ಲಿ ಖುಷಿ. ನನ್ನ ಪದವಿಯ ಫೋಟೋವನ್ನು, ಆ ಕರಿ ಗೌನು ಮತ್ತು ಟೋಪಿ ಹಾಕಿಕೊಂಡದ್ದನ್ನು, ನಡುಮನೆಯಲ್ಲಿ ತೀರಿಹೋದ ಅಜ್ಜನ ಫೋಟೋದ ಪಕ್ಕದಲ್ಲೇ ತೂಗುಹಾಕಿದ್ದಾಳೆ. ಹಬ್ಬ ಬಂದರೆ ಅಜ್ಜನಿಗೆ ಒಂದು ಮಾಲೆ, ನನಗೊಂದು. ಬೀಗರು ಬಂದಾಗ ಒಬ್ಬರು ಆ ಫೋಟೋ ನೋಡಿ "ಪಾಪ, ಸಣ್ಣ ವಯಸ್ಸು. ಏನಾಗಿತ್ರಿ?" ಎಂದು ಕೇಳಿದ್ದರು. "ಬಿ.ಎ. ಆಗಿತ್ರಿ" ಅಂದಳು ಅವ್ವ.

ಹೌದು, ಬಿ.ಎ. ಆಗಿತ್ತು. ನಮ್ಮ ಮನೆತನದಲ್ಲಿ ಅದು ಮೊದಲು ಆದದ್ದು ನನಗೆ. ಹೇಳಿಕೊಳ್ಳಲು ಸಂಕೋಚವಿಲ್ಲ, ಕೇಳದಿದ್ದರೂ ಹೇಳುತ್ತೇನೆ. ಅಪ್ಪ ಮಾರುಕಟ್ಟೆಯಲ್ಲಿ ಹತ್ತಿ, ಮೆಣಸಿನಕಾಯಿ ಚೀಲ ಹೊತ್ತವನು. ಅವ್ವ ಕೇಶ್ವಾಪುರದ ಒಂದು ಖಾನಾವಳಿಯಲ್ಲಿ ರೊಟ್ಟಿ ಬಡಿದವಳು. ಮಧ್ಯಾಹ್ನದ ಬಿಡುವಿನಲ್ಲಿ ಊರವರ ಹಳೆ ಸೀರೆಗಳನ್ನು ಪದರ ಪದರ ಹಾಸಿ ಕೈಯಿಂದ ಕೌದಿ ಹೊಲಿದು ಕೊಡುತ್ತಿದ್ದಳು. ನಾನು ಓದಿದ್ದು ಅಂಥ ಅರ್ಧ ಹೊಲಿದ ಕೌದಿಗಳ ಮೇಲೆ ಕುಳಿತು. ಇಂಗ್ಲಿಷಿನಲ್ಲಿ ಒಂದು ಸಲ ಮುಗ್ಗರಿಸಿದೆ. ಎದ್ದೆ. ಪಾಸಾದೆ. ಓದು ನನಗೆ ಕೈಗೆ ಹಾಕಿಕೊಂಡ ಹೊಸ ಬಳೆಯ ಹಾಗೆ. ಯಾರಿಗಾದರೂ ತೋರಿಸದೆ ಸಮಾಧಾನವಿಲ್ಲ. ಹಾಗಾಗಿ ನಮ್ಮ ಕಾಲೇಜಿನ ಹಳೆಯ ವಿದ್ಯಾರ್ಥಿಗಳು ಕೂಡಿಕೊಂಡು ಧಾರವಾಡದ ಜೈಲಿನಲ್ಲಿ ಭಾನುವಾರ ಅಕ್ಷರ ಕಲಿಸೋಣ ಎಂದಾಗ ಎಲ್ಲರಿಗಿಂತ ಮೊದಲು ಕೈಯೆತ್ತಿದೆ.

ಮೊದಲ ವಾರ ಒಂದು ದಿಬ್ಬಣವೇ ಹೋಯಿತು. ಬಾಳೆಹಣ್ಣಿನ ಬುಟ್ಟಿ, ಹೊಸ ಸ್ಲೇಟು, ಭಾಷಣ ಬರೆದುಕೊಂಡು ಬಂದವರೂ ಇದ್ದರು. ಕ್ಯಾಮೆರಾ ಗೇಟಿನಲ್ಲೇ ಉಳಿಯಿತು. ಮುಂದಿನ ವಾರ ಕ್ಯಾಮೆರಾ ತಂದವರು ಬರಲಿಲ್ಲ. ಆಮೇಲೆ ಒಬ್ಬರ ಮದುವೆ, ಒಬ್ಬರ ಬೆನ್ನುನೋವು, ಒಬ್ಬರ ವರ್ಗಾವಣೆ. ಕೊನೆಗೆ ಹೆಣ್ಣುಮಕ್ಕಳ ವಿಭಾಗಕ್ಕೆ ಹೋಗುವವಳು ನಾನೊಬ್ಬಳೇ ಉಳಿದೆ. ಅವ್ವ ಕೇಳಿದಳು, "ಅಲ್ಲೇನ ಸಿಗತೈತಿ ನಿಂಗ?" "ಚಾ ಸಿಗತೈತಿ" ಅಂದೆ.

ಅಲ್ಲಿಯ ಬೇವಿನ ಮರದ ಕೆಳಗೆ ನಮ್ಮ ಶಾಲೆ. ಮೊದಮೊದಲು ಶಾಲೆ ನಡೆಯಿತು ಎನ್ನುವುದಕ್ಕಿಂತ ನಾನು ಕೂಗಾಡಿದೆ ಎನ್ನುವುದು ಸರಿ. ಸವದತ್ತಿ ಕಡೆಯ ಒಬ್ಬಳಿದ್ದಳು, ಬಾಯಿ ಜೋರಿನವಳು. ನಾನು 'ಅ' ಬರೆದ ಕೂಡಲೇ ಕೇಳಿದಳು:

"ಟೀಚರ, ಇದನ್ನ ಕಲತು ಏನ ಮಾಡೂದೈತಿ? ಬಸ್ಸಿನ ಬೋರ್ಡ್ ಓದಾಕಂದ್ರ, ಇಲ್ಲಿಗೆ ಬಸ್ ಬರೂದಿಲ್ಲ. ಬಂದ್ರೂ ಅವರ ಹತ್ತಸ್ಕೋತಾರ, ಅವರ ಇಳಸ್ತಾರ."

ಎಲ್ಲರೂ ನಕ್ಕರು. ಕಾವಲಿಗೆ ಕುಳಿತಿದ್ದ ಒಳಗಿನ ಹೆಣ್ಣು ವಾರ್ಡರೂ ನಕ್ಕರು. ಅವರನ್ನು ಎಲ್ಲರೂ ಬಾಯಾರು ಅನ್ನುತ್ತಿದ್ದರು. ನರಗುಂದದ ಕಡೆಯವರು, ಗಟ್ಟಿ ಧ್ವನಿ, ಮೆತ್ತಗಿನ ಮನುಷ್ಯರು. ನಗದೆ ಇದ್ದವಳು ಒಬ್ಬಳೇ, ನನ್ನ ಕಡೆ ಬೆನ್ನು ಮಾಡಿ ಗೋಡೆ ನೋಡುತ್ತ ಕುಳಿತ ಒಬ್ಬ ಮುದುಕಿ. ಎಲ್ಲರಿಗೂ ಅವಳು ಆಯಿ. ನಾನು ಹೊರಡುವ ಹೊತ್ತಿಗೆ ಮೊದಲ ಸಲ ಇತ್ತ ತಿರುಗಿ ನನ್ನ ಸೆರಗು ಹಿಡಿದು ನೋಡಿದಳು.

"ಹತ್ತೀದ ಐತಿ. ಹಳೇದಾದ ಮ್ಯಾಲ ಒಗೀಬ್ಯಾಡ. ಕೌದಿಗೆ ಛಲೋ ಬರತೈತಿ."

ಅಷ್ಟು ಸಾಕಾಯಿತು. ಮುಂದಿನ ವಾರ ಸ್ಲೇಟುಗಳ ಬದಲು ಅವ್ವನ ಗಂಟಿನಿಂದ ಹಳೆ ಸೀರೆಗಳನ್ನು ಹೊತ್ತುಕೊಂಡು ಹೋದೆ. ಹಿರಿಯ ಅಧಿಕಾರಿಗಳನ್ನು ಕಾಡಿ ಒಪ್ಪಿಗೆ ಪಡೆದೆ. ಸೂಜಿಗಳು ಬಾಯಾರ ವಶದಲ್ಲಿರಬೇಕು, ಕೊಡುವಾಗ ಎಣಿಸಿ ಕೊಡಬೇಕು, ತೆಗೆದುಕೊಳ್ಳುವಾಗ ಎಣಿಸಿ ತೆಗೆದುಕೊಳ್ಳಬೇಕು. ಬೇವಿನ ಕೆಳಗೆ ಸೀರೆ ಹಾಸಿ ಅದರ ಮೇಲೆ ಸೀಮೆಸುಣ್ಣದಿಂದ ದೊಡ್ಡ ದೊಡ್ಡ ಅಕ್ಷರ ಬರೆದೆ. ಅಕ್ಷರದ ಮೇಲೆಯೇ ಹೊಲಿಗೆ ಹಾಕಬೇಕು. ಕೌದಿಯೂ ಆಯಿತು, ಪಾಠವೂ ಆಯಿತು. ನನ್ನ ಬುದ್ಧಿವಂತಿಕೆಗೆ ನಾನೇ ಒಳಗೊಳಗೆ ಬೀಗಿದೆ.

ಬೀಗಿದ್ದು ಬಹಳ ದಿನ ನಡೆಯಲಿಲ್ಲ. ದೊಡ್ಡ ಕೌದಿಯನ್ನು ಸುತ್ತಲೂ ಕುಳಿತು ಹೊಲಿಯುತ್ತಾರೆ, ಎಲ್ಲ ಕಡೆಯಿಂದ. ಹುಟ್ಟಿದಾಗಿನಿಂದ ನೋಡಿದ್ದೇನೆ. ಆದರೆ ಅಕ್ಷರಕ್ಕೆ ತಲೆ ಕಾಲು ಇರುತ್ತದೆ ಎನ್ನುವುದನ್ನು ಆ ಹೊತ್ತಿಗೆ ಮರೆತಿದ್ದೆ. ಹಿರಿಯ ಅಧಿಕಾರಿ ಒಂದು ಭಾನುವಾರ ಪ್ರಗತಿ ನೋಡಲು ಬಂದರು. ಗೋಕಾಕ ಕಡೆಯವರು, ಮೀಸೆ ದೊಡ್ಡದು. ಸವದತ್ತಿಯವಳ ಕೈಗೆ ಸ್ಲೇಟು ಕೊಟ್ಟು "ಓದು ನೋಡೂಣು" ಅಂದರು. ಅವಳು ಸ್ಲೇಟನ್ನು ತಲೆಕೆಳಗು ಮಾಡಿ ಹಿಡಿದುಕೊಂಡು ಗಡಗಡ ಓದಿದಳು. ಒಂದೂ ತಪ್ಪಿಲ್ಲ.

"ಇದ್ಯಾವ ಪದ್ಧತಿ ಟೀಚರ?"

"ಕೌದಿ ಪದ್ಧತಿ ಸರ" ಅಂದೆ. ಬೇರೆ ಏನು ಹೇಳಲಿ.

"ಈ ಕಡೆ ಕುಂತಾಕಿ ಏನ ಮಾಡ್ತಾಳ?" ಎಂದು ಎಡಗಡೆ ಕುಳಿತಿದ್ದ ಆಯಿಯನ್ನು ತೋರಿಸಿದರು.

"ನಾ ಅಡ್ಡ ಓದತೇನ್ರಿ ಸಾಹೇಬ್ರ" ಅಂದಳು ಆಯಿ.

ಅಂದಿನಿಂದ ವಾರಕ್ಕೊಮ್ಮೆ ಜಾಗ ಬದಲಿಸುವುದು ನಿಯಮವಾಯಿತು. ಜಾಗ ಬದಲಿಸುವಾಗ ಆಗುತ್ತಿದ್ದ ಜಗಳ ಜಾತ್ರೆ ಬಸ್ಸಿನಲ್ಲಿಯೂ ಆಗಲಿಕ್ಕಿಲ್ಲ.

ಆಯಿ ಯಾಕೆ ಒಳಗೆ ಬಂದಳೆಂದು ನಾನು ಕೇಳಲಿಲ್ಲ. ಯಾರನ್ನೂ ಕೇಳುತ್ತಿರಲಿಲ್ಲ. ಅವಳು ತಾನಾಗಿ ಹೇಳಿದ್ದು ಇಷ್ಟು: ಮನೆಯ ಜಗಳ, ಹೆಚ್ಚಾಯಿತು, ತಪ್ಪಾಯಿತು, ಶಿಕ್ಷೆಯಾಯಿತು. ಒಬ್ಬಳೇ ಮಗಳು ಉಣಕಲ್ಲಿನಲ್ಲಿ ಗಂಡನ ಮನೆಯಲ್ಲಿದ್ದಾಳೆ. ಕೋರ್ಟಿನ ದಿನದಿಂದ ಮಗಳು ತಾಯಿಯ ಮುಖ ನೋಡಿಲ್ಲ. ಅಳಿಯ ಆಗಾಗ ಜೈಲಿನ ಫೋನಿಗೆ ಸಿಗುತ್ತಾನೆ. "ಆಕಿಗೆ ಕೊಡ್ಲೇನ್ರಿ ಅತ್ತಿ?" ಅನ್ನುತ್ತಾನೆ. ಆ ಕಡೆಯಿಂದ ಪಾತ್ರೆಯ ಸದ್ದು ಮಾತ್ರ ಬರುತ್ತದೆ.

ಇಂಥ ಆಯಿ ಒಂದು ಭಾನುವಾರ ನಾನು ಬರುವುದನ್ನೇ ಬಾಗಿಲಲ್ಲಿ ಕಾಯುತ್ತಿದ್ದಳು.

"ಮಗಳು ಬಸರಿ ಅದಾಳಂತ. ಚೊಚ್ಚಲ. ಅಳ್ಯಾ ಹೇಳಿದ."

ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕು, ಅದು ನಮ್ಮ ಕಡೆ ಎಲ್ಲರ ಮನೆಯ ಮಾತು. ಆ ತವರು ಬೇವಿನ ಮರದ ಕೆಳಗೆ ಕುಳಿತಿತ್ತು. ಸವದತ್ತಿಯವಳು ಅವಳ ಪಕ್ಕಕ್ಕೆ ಸರಿದು ಕುಳಿತಳು:

"ಬಾಣಂತನ ಇಲ್ಲೇ ಮಾಡೂಣಬೇ ಆಯಿ. ಹಾಲು, ತತ್ತಿ ಕೊಡ್ತಾರ. ಕಾವಲಾ ಅಂತೂ ಐತಿ."

"ಬಾಯಿ ಮುಚ್ಚ" ಅಂದಳು ಆಯಿ, ಆದರೆ ನಕ್ಕಳು. ಆಮೇಲೆ ನನ್ನ ಕಡೆ ತಿರುಗಿದಳು. "ಕೂಸಿಗೆ ತವರಮನಿ ಕೌದಿ ಬೇಕು. ತೊಟ್ಟಲಾ ಹಾಕೂದ್ರಾಗ ಮುಟ್ಟಬೇಕು. ನಾ ಬಂದಾಗ ಉಟ್ಕೊಂಡ ಬಂದ ಇಳಕಲ್ ಸೀರಿ ಆಫೀಸಿನ್ಯಾಗ ಐತಿ. ಆ ಸೆರಗ ಬಾಯಾಗ ಹಿಡಕೊಂಡ ಮಲಗ್ತಿತ್ತು ನನ್ನ ಮಗಳು, ಸಾಲಿಗೆ ಹೋಗೂ ವಯಸ್ಸಿನ ತನಕಾ. ಅದನ್ನ ಬಿಡಸ್ಕೊಡ."

ಸೀರೆ ಬಿಡಿಸಿಕೊಡುವುದಕ್ಕೆ ಮನುಷ್ಯರನ್ನು ಬಿಡಿಸಿದಷ್ಟು ಓಡಾಡಿದೆ. ಗೋಕಾಕದ ಅಧಿಕಾರಿ ಮೀಸೆ ತಿರುವುತ್ತ ಕೇಳಿ, ಕೊನೆಗೆ ಸೀರೆ ಕೊಟ್ಟರು. ಕೌದಿ ಸಿದ್ಧವಾದ ಮೇಲೆ ತಪಾಸಣೆ ಮಾಡಿಸಿ ನಾನೇ ಉಣಕಲ್ಲಿಗೆ ಒಯ್ಯಬಹುದೆಂದೂ ಒಪ್ಪಿದರು.

ಆ ಸಣ್ಣ ಕೌದಿಯ ಸುತ್ತ ಎಲ್ಲರಿಗೂ ಜಾಗವಿರಲಿಲ್ಲ. ಸರದಿಯಂತೆ ಹೊಲಿದರು. ಬಾಯಾರೂ ಟೋಪಿ ತೆಗೆದಿಟ್ಟು ಒಂದು ಸಾಲು ಹೊಲಿದರು. ಅಕ್ಷರ ಬೇಡವೆಂದಳು ಆಯಿ, "ಕೂಸು ಹುಟ್ಟಿದ ಕೂಡ್ಲೆ ಸಾಲಿಗೆ ಹಾಕೂದ ಬ್ಯಾಡ." ನಡುವೆ ಇಳಕಲ್ಲಿನ ಕೆಂಪು ಸೆರಗು, ಸುತ್ತಲೂ ನನ್ನ ಅವ್ವನ ಸೀರೆಯ ಹಸಿರು. ಕೂಸು ಹುಟ್ಟಿತು, ಗಂಡು, ಎಂದು ಅಳಿಯ ತಿಳಿಸಿದ. ಸೋಮವಾರ ತೊಟ್ಟಿಲು ಎಂದೂ ಹೇಳಿದ. ಭಾನುವಾರ ಬೆಳಿಗ್ಗೆ ಕೊನೆಯ ಮೂಲೆಯೊಂದು ಉಳಿದಿತ್ತು.

"ಹೊಟ್ಟಿ ತುಂಬಸಿಲ್ಲಲ್ಲಬೇ" ಅಂದರು ಬಾಯಾರು.

ಕೌದಿಗೂ ಹೊಟ್ಟೆಯಿದೆ. ಅದರ ಕೊನೆಯ ಮೂಲೆಯನ್ನು ಮುಚ್ಚುವ ಮೊದಲು ರೊಟ್ಟಿಯ ಚೂರೊಂದನ್ನು ಒಳಗಿಟ್ಟು ಹೊಲಿಯುತ್ತಾರೆ. ಹಸಿದ ಕೌದಿ ಹೊದ್ದವರನ್ನೂ ಹಸಿವಿನಲ್ಲಿಡುತ್ತದೆ ಎಂದು ನಂಬಿಕೆ. ನನ್ನ ಅವ್ವ ಹೊಲಿದ ಒಂದು ಕೌದಿಯೂ ಖಾಲಿ ಹೊಟ್ಟೆಯಲ್ಲಿ ಮನೆ ಬಿಟ್ಟಿಲ್ಲ. ಬೆಳಗಿನ ಊಟಕ್ಕೆ ಬಂದಿದ್ದ ಜೋಳದ ರೊಟ್ಟಿಯಿಂದ ಕಡಕ್ ಆದ ಅಂಚೊಂದನ್ನು ಆಯಿ ಆರಿಸಿ ತೆಗೆದಿಟ್ಟಿದ್ದಳು. ಇಟ್ಟಳು, ಹೊಲಿದಳು, ದಾರ ಹಲ್ಲಿನಿಂದ ಕಡಿದಳು. ನಾವೆಲ್ಲ ಸುತ್ತ ನಿಂತು ನೋಡಿದೆವು. ಪದವೀಧರೆ ನಾನು, ಕಾವಲಿನ ಬಾಯಾರು, ಕಾನೂನಿನ ಎಲ್ಲ ಕಲಮುಗಳನ್ನೂ ಬಾಯಿಪಾಠ ಮಾಡಿದ ಸವದತ್ತಿಯವಳು. ಜೈಲಿನಿಂದ ಹೊರಗೆ ಹೋಗುವ ಬಟ್ಟೆಯೊಳಗೆ ಏನಾದರೂ ಬಚ್ಚಿಟ್ಟು ಹೊಲಿಯಬಾರದು ಎನ್ನುವುದು ಒಬ್ಬರ ತಲೆಗೂ ಬರಲಿಲ್ಲ.

ಆಯಿ ಕೌದಿ ಮಡಚಿ ನನ್ನ ಕೈಯಲ್ಲಿಟ್ಟಳು. ಮಗಳಿಗೆ ಏನಾದರೂ ಹೇಳಬೇಕೇ ಎಂದು ಕೇಳಿದೆ.

"ಏನೂ ಹೇಳಬ್ಯಾಡ. ಒಂದ ನೋಡ್ಕೊಂಡ ಬಾ. ಟ್ರಂಕಿನ್ಯಾಗ ಮಡಚಿ ಇಟ್ಲು ಅಂದ್ರ, ಮಂದಿ ಕೊಟ್ಟಿದ್ದಂತ ಇಟ್ಲು. ಕೂಸಿನ ಬುಡಕ ಹಾಸಿದ್ಲು ಅಂದ್ರ, ಅವ್ವ ಕೊಟ್ಟಿದ್ದಂತ ಹಾಸಿದ್ಲು."

"ನಾ ಇರೂತನಕ ಹಾಸಿ, ಹೋದ ಮ್ಯಾಲ ತಗದ್ರ?"

ಆಯಿ ಯೋಚಿಸಿದಳು. "ಕೂಸು ತೋಯಿಸೂತನಕ ಎದ್ದ ಬರಬ್ಯಾಡ. ಒಮ್ಮೆ ತೋಯಿಸ್ತಂದ್ರ ಕೌದಿ ಅದರದ ಆತು."

ಗೇಟಿನಲ್ಲಿ ಅಂದು ಹೊಸ ವಾರ್ಡರ್ ಇದ್ದರು. ಮೈಸೂರು ಕಡೆಯಿಂದ ವರ್ಗವಾಗಿ ಬಂದವರು, ಇಸ್ತ್ರಿ ಮಾಡಿದ ಮಾತು. ಕೌದಿಯ ಮಡಿಕೆ ಬಿಚ್ಚಿ ಅಂಚಿನುದ್ದಕ್ಕೂ ಬೆರಳಿನಿಂದ ಒತ್ತುತ್ತ ಹೋದವರು ಕೊನೆಯ ಮೂಲೆಯಲ್ಲಿ ನಿಂತರು.

"ಇಲ್ಲೇನೋ ಗಟ್ಟಿಗಿದೆಯಲ್ಲ."

"ರೊಟ್ಟಿರಿ" ಅಂದೆ ಸಹಜವಾಗಿ.

"ಏನು?"

"ರೊಟ್ಟಿ. ಹೊಟ್ಟಿಗೆ."

"ಯಾರ ಹೊಟ್ಟೆಗೆ?"

"ಕೌದಿ ಹೊಟ್ಟಿಗ್ರಿ."

ಅವರು ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. "ನೋಡಿ, ನಾನು ಇಲ್ಲಿಗೆ ಹೊಸಬಳು. ಹೊಸಬರ ಹತ್ರ ಹೀಗೆಲ್ಲ ತಮಾಷೆ ಮಾಡಬಾರದು." ಕತ್ತರಿ ತೆಗೆದು ಮೂಲೆ ಕತ್ತರಿಸಿಯೇಬಿಟ್ಟರು. ಮೇಜಿನ ಮೇಲೆ ರೊಟ್ಟಿಯ ಚೂರು ಬಿತ್ತು. ಅದನ್ನು ಮೂಸಿದರು, ಮುರಿದರು, ಪುಡಿ ಮಾಡಿದರು. ರೊಟ್ಟಿಯೊಳಗೆ ರೊಟ್ಟಿಯೇ ಇತ್ತು. ಆಗ ಅವರಿಗೂ ಮುಂದೇನು ಎಂದು ತಿಳಿಯಲಿಲ್ಲ. ಹಿರಿಯ ಅಧಿಕಾರಿಗಳಿಗೆ ಹೇಳಿ ಕಳುಹಿಸಿದರು. ಸುದ್ದಿ ಒಳಗಿನ ಬಾಯಾರಿಗೂ ಮುಟ್ಟಿ ಅವರೂ ಓಡಿ ಬಂದರು. ಆಯಿಗೆ ಮಾತ್ರ ಹೇಳದೆ ಬಂದಿದ್ದರು.

ಅಧಿಕಾರಿಗಳು ಪುಡಿಯನ್ನೂ ನನ್ನನ್ನೂ ನೋಡಿದರು. "ನಮ್ಮ ಕಡೆ ಹೊಟ್ಟಿ ತುಂಬಸ್ತಾರ, ಅದು ಖರೇ. ನನ್ನ ಕೌದಿಯೊಳಗೂ ಇತ್ತು. ಆದ್ರ ಒಳಗಿನ ಊಟ ಹೊರಗ ಹೋಗೂಹಂಗಿಲ್ಲ. ಕೌದಿ ಒಯ್ಯಿರಿ, ರೊಟ್ಟಿ ಬಿಡ್ರಿ."

"ಹಸದ ಕೌದಿ ಕೂಸಿನ ಬುಡಕ ಹಾಸ್ತಾರೇನ್ರಿ ಸಾಹೇಬ್ರ?" ಅಂದರು ಬಾಯಾರು. "ಆಯಿ ಮಗಳ ಅತ್ತಿ ಮೂಲಿ ಮುಟ್ಟಿ ನೋಡ್ತಾಳ. ಖಾಲಿ ಇದ್ರ ತೊಟ್ಟಲದ ಹತ್ರಾನೂ ಬಿಡೂದಿಲ್ಲ."

ಅದು ನಿಜವಿತ್ತು. ಅತ್ತೆಯಂದಿರು ಮೊದಲು ಮುಟ್ಟುವುದೇ ಮೂಲೆ. ನಾನು ಬಾಯಿ ತೆರೆದ ಕೌದಿ ಹಿಡಿದು ನಿಂತಿದ್ದೆ. ನಾಳೆ ತೊಟ್ಟಿಲು. ಇವತ್ತು ಮುಟ್ಟದಿದ್ದರೆ ಇನ್ನೆಂದೂ ಮುಟ್ಟಿದ ಹಾಗಲ್ಲ.

ಮೈಸೂರಿನವರು ಇಷ್ಟೂ ಹೊತ್ತು ಒಬ್ಬರ ಮುಖದಿಂದ ಇನ್ನೊಬ್ಬರ ಮುಖ ನೋಡುತ್ತಿದ್ದರು. "ಸರ್, ಹೊರಗಿನ ಊಟ ಹಾಕಬಹುದಾ?" ಎಂದು ಕೇಳಿದರು.

ಅಧಿಕಾರಿ ಮೀಸೆ ತಿರುವಿದರು. "ಹೊರಗಿನ ಊಟ ಹೊರಗ ಹೋಗಾಕ ನಂದೇನ ಅಡ್ಡಿ?"

ಮೈಸೂರಿನವರು ತಮ್ಮ ಊಟದ ಡಬ್ಬಿ ತೆರೆದರು. ಅದರಲ್ಲಿದ್ದದ್ದು ಅಕ್ಕಿ ರೊಟ್ಟಿ. ಸಬ್ಬಸಿಗೆ ಸೊಪ್ಪು, ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ ಎಲ್ಲ ಹಾಕಿ ತಟ್ಟಿದ್ದು, ಮೆತ್ತಗಿನದು. ಬಾಯಾರು ಅದನ್ನು ಬಗ್ಗಿ ನೋಡಿದರು.

"ಇದನ್ನ ರೊಟ್ಟಿ ಅಂತೀರೇನ್ರಿ ನೀವು?"

"ನಾವು ಅಂತೀವಿ. ನಿಮ್ಮದನ್ನ ನಾವು ಹಪ್ಪಳ ಅಂದ್ಕೊಂಡಿದ್ವಿ."

"ಇರ್ಲಿ, ಮೆಣಸಿನಕಾಯಿ ತಗೀರಿ. ಕೂಸಿಗೆ ಖಾರ ಆಕ್ಕೈತಿ."

ಇಬ್ಬರು ಖಾಕಿ ಹೆಂಗಸರು ತಲೆಗೆ ತಲೆ ಹಚ್ಚಿ ಒಂದು ಚೂರು ರೊಟ್ಟಿಯಿಂದ ಮೆಣಸಿನಕಾಯಿ, ಉಳ್ಳಾಗಡ್ಡಿ ಆರಿಸಿ ತೆಗೆದರು. ಮೆತ್ತಗಿದ್ದರೆ ಬೂಷ್ಟು ಹಿಡಿಯುತ್ತದೆಂದು ಗೇಟಿನ ಕಟ್ಟೆಯ ಮೇಲೆ ಬಿಸಿಲಿಗೆ ಇಟ್ಟೆವು. ಬಂದೂಕು ಹಿಡಿದ ಪಹರೆಯವನು ಕಾಗೆ ಓಡಿಸುತ್ತ ನಿಂತ. ಅವನ ನೌಕರಿಯಲ್ಲಿ ಅಷ್ಟು ಎಚ್ಚರದಿಂದ ಅವನು ಏನನ್ನೂ ಕಾದಿರಲಿಕ್ಕಿಲ್ಲ. ಸೂಜಿ ಬಂತು. ದಾರ ಮಾತ್ರ ಕೌದಿಯ ಬಣ್ಣದ್ದು ಸಿಗಲಿಲ್ಲ. ಮೈಸೂರಿನವರು ಸಮವಸ್ತ್ರದ ಗುಂಡಿ ಹೊಲಿಯಲು ಇಟ್ಟುಕೊಂಡಿದ್ದ ಖಾಕಿ ದಾರ ಕೊಟ್ಟರು. ಕೆಂಪು ಹಸಿರಿನ ಕೌದಿಗೆ ಒಂದು ಮೂಲೆ ಖಾಕಿಯಾಯಿತು. ಹೊಲಿದವಳು ನಾನು. ಅವ್ವನ ಮಗಳಲ್ಲವೇ, ಹೊಲಿಗೆ ನೆಟ್ಟಗೇ ಬಂತು.

ಚಿಗರಿ ಬಸ್ಸು ಹತ್ತಿ ಉಣಕಲ್ಲಿನಲ್ಲಿ ಇಳಿದಾಗ ಊಟದ ಹೊತ್ತು ಮೀರಿತ್ತು. ಅಳಿಯ ಬಾಗಿಲಲ್ಲೇ ಇದ್ದ. ಅವನ ತಾಯಿ, ಅಂದರೆ ಮಗಳ ಅತ್ತೆ, "ಬರ್ರಿ, ಕುಂದರ್ರಿ" ಎಂದು ಕುರ್ಚಿ ಕೊಟ್ಟು ಚಹಾಕ್ಕಿಟ್ಟರು. ಬಾಣಂತಿ ಒಳಕೋಣೆಯ ಹೊರಸಿನ ಮೇಲೆ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕುಳಿತಿದ್ದಳು. ಎಲ್ಲಿಂದ ಬಂದೆ ಎಂದು ಹೇಳಿ ಕೌದಿ ಚಾಚಿದೆ. ಅವಳು ಕೈ ಮುಂದೆ ಮಾಡಲಿಲ್ಲ. ಕೆಂಪು ಸೆರಗಿನ ಮೇಲೆ ಅವಳ ಕಣ್ಣು ಒಮ್ಮೆ ಹೋಯಿತು, ಬಂತು, ಕೂಸಿನ ಟೋಪಿ ಸರಿಮಾಡಿದಳು.

ಅತ್ತೆಯೇ ಇಸಿದುಕೊಂಡರು. ನೇರ ಮೂಲೆಗಳಿಗೆ ಕೈ ಹಾಕಿದರು. ಗಟ್ಟಿಯಾದದ್ದು ಸಿಕ್ಕ ಕೂಡಲೇ ಮುಖ ಸಡಿಲಾಯಿತು.

"ಹೂಂ, ಹೊಟ್ಟಿ ತುಂಬಸ್ಯಾರ." ಆಮೇಲೆ ಕಣ್ಣು ಸಣ್ಣದು ಮಾಡಿದರು. "ಆದ್ರ ಇದೇನವಾ, ಇಲ್ಲಿ ದಾರ ಪೊಲೀಸರದು ಇದ್ದಂಗ ಐತಿ?"

ಹೇಳಬೇಕಾಯಿತು. ಕತ್ತರಿಯಿಂದ ಹಿಡಿದು ಕಾಗೆಯವರೆಗೆ ಎಲ್ಲ ಹೇಳಿದೆ. ಅತ್ತೆ ಸೆರಗು ಬಾಯಿಗೆ ಹಚ್ಚಿಕೊಂಡು ನಕ್ಕರು. ಅಳಿಯ ಬಾಗಿಲ ಚೌಕಟ್ಟು ಹಿಡಿದು ನಕ್ಕ. ಮೈಸೂರಿನವರ ಡಬ್ಬಿ ತೆರೆದ ಜಾಗಕ್ಕೆ ಬಂದಾಗ ಹೊರಸಿನ ಕಡೆಯಿಂದ ಒಂದು ಧ್ವನಿ ಬಂತು.

"ಅಕ್ಕಿ ರೊಟ್ಟಿನ?"

ಅದು ಅವಳ ಮೊದಲ ಮಾತು. ನಗು ತಡೆದುಕೊಂಡು ಬಂದ ಮಾತು.

"ಅಕ್ಕಿ ರೊಟ್ಟಿನ. ಸಬ್ಬಸಗಿ ಹಾಕಿದ್ದು."

"ಅವ್ವ ಏನಂದ್ಲು?"

"ಆಕಿಗಿನ್ನೂ ಗೊತ್ತಿಲ್ಲ. ಜ್ವಾಳದ್ದ ಐತಿ ಅಂತ ತಿಳಕೊಂಡಾಳ."

ಅವಳು ಕೈ ಚಾಚಿದಳು. ಕೌದಿ ತೆಗೆದುಕೊಂಡು ಖಾಕಿ ಹೊಲಿಗೆಯ ಮೇಲೆ ಬೆರಳಾಡಿಸಿದಳು. ಕೆಂಪು ಸೆರಗನ್ನು ಮೂಗಿನ ಹತ್ತಿರ ಹಿಡಿದು ತುಸು ಹೊತ್ತು ಕುಳಿತಳು. ನಾನು ಚಹಾದ ಬಟ್ಟಲಿನೊಳಗೆ ನೋಡುತ್ತ ಕುಳಿತೆ. ಆಮೇಲೆ ಕೂಸನ್ನು ಅತ್ತೆಯ ಕೈಗೆ ಕೊಟ್ಟು ಎದ್ದು ಹೋಗಿ ಮೂಲೆಯಲ್ಲಿದ್ದ ಟ್ರಂಕಿನ ಮುಚ್ಚಳ ತೆರೆದಳು. ಆಯಿ ಹೇಳಿದ್ದ ಟ್ರಂಕು ಇದೇ.

ಟ್ರಂಕಿನಿಂದ ಅವಳು ತೆಗೆದದ್ದು ಒಂದು ರಬ್ಬರ್ ಹಾಳೆ. ಹೊರಸಿನ ಮೇಲೆ ಕೌದಿ ಹಾಸಿದಳು. ಅತ್ತೆ ರಬ್ಬರ್ ಹಾಳೆಯನ್ನು ಅದರ ಮೇಲೆ ಬಿಡಿಸಲು ಹೋದರು. "ಹೊಸಾದು, ಹಾಳಾಕ್ಕೈತಿ."

"ಬ್ಯಾಡ್ರಿ ಅತ್ತಿ. ಅದನ್ನ ಬುಡಕ ಹಾಕ್ರಿ. ಹಾಳಾಗಾಕ ಅಂತನ ಹೊಲದಿರ್ತಾರ."

ಕೂಸು ಕೌದಿಯ ಮೇಲೆ ಮಲಗಿತು. ನನ್ನ ಕೆಲಸ ಮುಗಿದಿರಲಿಲ್ಲ. ಇಷ್ಟು ಓದಿದವಳು ನಾನು, ಉಣಕಲ್ಲಿನ ಒಂದು ಮನೆಯಲ್ಲಿ ಕುರ್ಚಿಯ ಮೇಲೆ ಕುಳಿತು ಒಂದು ಕೂಸು ಉಚ್ಚೆ ಹೊಯ್ಯುವುದನ್ನು ಕಾಯುತ್ತಿದ್ದೆ. ಕೂಸಿಗೆ ಅವಸರವಿರಲಿಲ್ಲ. ಗೊರಕೆ ಹೊಡೆಯಿತು. ಅತ್ತೆ ಇನ್ನೊಂದು ಚಹಾ ಕೊಟ್ಟರು, ಅವಲಕ್ಕಿ ಕೊಟ್ಟರು, ನನ್ನ ಊರು, ಮನೆತನ, ಬಳಗ ಎಲ್ಲ ಕೇಳಿದರು. ಬಿ.ಎ. ಅಂದೆ. ಒಳ್ಳೆಯದು ಅಂದರು. ಹೊರಗೆ ಬಸ್ಸುಗಳು ಹೋಗುತ್ತಿದ್ದವು. ಇವಳು ಯಾಕೆ ಏಳುತ್ತಿಲ್ಲ ಎಂದು ಅಳಿಯ ಒಂದೆರಡು ಸಲ ಬಗ್ಗಿ ನೋಡಿದ.

ಕೊನೆಗೆ ಬಾಣಂತಿಯೇ ಕೇಳಿದಳು. "ಅವ್ವ ನೋಡ್ಕೊಂಡ ಬಾ ಅಂದಾಳೇನ್ರಿ?"

"ಹೂಂ."

"ತೋಯಿಸೂತನಕ?"

"ಹೂಂ."

"ಆಕಿ ಹಂಗ. ನನ್ನ ಮದಿವ್ಯಾಗೂ ಬೀಗರು ಉಂಡ ಕೈ ತೊಳಕೊಳ್ಳೂತನಕ ಅಡಗಿಮನಿ ಬಿಟ್ಟ ಬಂದಿರ್ಲಿಲ್ಲ." ಕೂಸಿನ ಹೊಟ್ಟೆಯ ಮೇಲೆ ಬೆರಳಿನಿಂದ ಕಚಗುಳಿ ಇಟ್ಟಳು. "ಏಳೋ ದೊರಿ, ನಿನ್ನ ಸಲುವಾಗಿ ಅವರ ಬಸ್ ತಪ್ಪಾಕತ್ತಾವ."

ದೊರೆ ಎಚ್ಚರಾಯಿತು. ಮುಖ ಕಿವುಚಿತು. ಕೆಂಪು ಸೆರಗಿನ ನಟ್ಟನಡುವೆ ತನ್ನ ಕೆಲಸ ಮಾಡಿತು. ನಾನು ಎದ್ದು ಕೈ ಮುಗಿದೆ. ಯಾರಿಗೆ ಮುಗಿದೆ ಎಂದು ಅತ್ತೆಗೆ ತಿಳಿಯಲಿಲ್ಲ.

ಮನೆಗೆ ಬಂದಾಗ ಅವ್ವ ಎಂದಿನಂತೆ ಕೇಳಿದಳು, "ಇವತ್ತೇನ ಸಿಕ್ತು?" "ಕೂಸಿನ ಉಚ್ಚಿ ನೋಡಾಕ ಸಿಕ್ತು" ಅಂದೆ. ನಾನು ಕೆಲಸ ಮಾಡುವ ಕಚೇರಿಯಲ್ಲಿ ಗೆಳತಿಯರು ಪುಣ್ಯ ಬರುತ್ತದೆಯೇ ಎಂದು ಕೇಳುತ್ತಾರೆ. ಪುಣ್ಯದ ವಿಷಯ ನನಗೆ ಗೊತ್ತಿಲ್ಲ. ಅಂದು ರಾತ್ರಿ ನನ್ನ ಹಳೆಯ ಕೌದಿಯ ಮೂಲೆ ಮುಟ್ಟಿ ನೋಡಿಕೊಂಡೆ. ರೊಟ್ಟಿ ಎಂದೋ ಪುಡಿಯಾಗಿ ಹೋಗಿತ್ತು. ಆದರೂ ಹೊಟ್ಟೆ ತುಂಬಿದವರ ಹಾಗೆ ನಿದ್ದೆ ಬಂತು.

ಮುಂದಿನ ಭಾನುವಾರ ಗೇಟಿನಲ್ಲಿ ಮೈಸೂರಿನವರು ನನ್ನ ಚೀಲ ನೋಡುವ ಮೊದಲೇ ಕೇಳಿದರು, "ಒಪ್ಪಿದರಾ?" ಒಳಗೆ ಹೋದೆ. ಬೇವಿನ ಕೆಳಗೆ ಎಲ್ಲರೂ ಹೊಲಿಗೆ ನಿಲ್ಲಿಸಿದರು. ಆಯಿ ಮಾತ್ರ ತಲೆ ಎತ್ತದೆ ಸೂಜಿ ಆಡಿಸುತ್ತಿದ್ದಳು.

"ತೋಯಿಸ್ತನು?"

"ತೋಯಿಸ್ತು. ನಡುವ."

ಸೂಜಿ ನಿಂತಿತು. ಸವದತ್ತಿಯವಳು ಏನೋ ಹೇಳಲು ಬಾಯಿ ತೆರೆದು ಮುಚ್ಚಿದಳು. ಅವಳನ್ನು ನಾನು ಹಾಗೆ ನೋಡಿದ್ದು ಅದೊಂದೇ ಸಲ. ಆಮೇಲೆ ಗೇಟಿನ ಕಥೆ ಹೇಳಿದೆ. ಅಕ್ಕಿ ರೊಟ್ಟಿ ಎಂದ ಕೂಡಲೇ ಆಯಿ ತಲೆ ಎತ್ತಿದಳು.

"ಅಯ್ಯ ನನ್ನ ಶಿವನ. ಹಂಗಾರ ಕೂಸು ಮೈಸೂರ ಮಾತ ಆಡತೈತಿ. ನಮಗ ಹೆಂಗ ತಿಳೀಬೇಕು?"

"ಇನ್ನೊಂದ ಮಾತೈತಿ ಆಯಿ" ಅಂದೆ. "ನಾ ಹೊಂಡೂ ಮುಂದ ನಿನ್ನ ಮಗಳು ಹೇಳಿ ಕಳಿಸ್ಯಾಳ. ಒಂದ ಕೌದಿ ಸಾಲೂದಿಲ್ಲಂತ. ಅದನ್ನ ತೊಳದ ಒಣಾ ಹಾಕಿದಾಗ ಏನ ಹಾಸೂದು, ಅವ್ವಗ ಅಷ್ಟೂ ತಿಳೀಲಿಲ್ಲೇನು ಅಂದ್ಲು. ಇನ್ನೊಂದ ಹೊಲೀಬೇಕಂತ. ಮುಗದ ಮ್ಯಾಲ ತಾನ ಬಂದ ಒಯ್ತಾಳಂತ."

ಆಯಿ ಸುತ್ತಲೂ ನೋಡಿದಳು, ಎಲ್ಲರೂ ಕೇಳಿದರೋ ಇಲ್ಲವೋ ಎಂದು.

"ನೋಡ್ರಿಬೇ ಆಕಿ ದಿಮಾಕು. ಜೇಲಿನ್ಯಾಗಿನ ಅವ್ವಗ ಹುಕುಮ್ ಮಾಡ್ತಾಳ." ಸೆರಗಿನಿಂದ ಕಣ್ಣು ಒರೆಸಿಕೊಂಡು ಬಾಯಾರ ಕಡೆ ಕೈ ಚಾಚಿದಳು. "ಸಣ್ಣ ಸೂಜಿ ಕೊಡ್ರಿ. ಲಗೂ ಮುಗೀಬೇಕಿದು."

"ಹೊಟ್ಟಿಗೇನ ಹಾಕೂದು ಈ ಸಲ?" ಎಂದು ಸವದತ್ತಿಯವಳಿಗೆ ಬಾಯಿ ಮರಳಿ ಬಂತು. "ಗೇಟಿನ ಮೇಡಮ್ಮಾರ ಡಬ್ಯಾಗ ಇವತ್ತೇನೈತಿ, ಕೇಳ್ಕೊಂಡ ಬಂದೀರೇನ ಟೀಚರ?"